ದೂಧ್‌ಸಾಗರದ ಮೇಲೆ ಕ್ಯಾಸಲ್‌ರಾಕ್ ಅಂತ ಒಂದು ಸ್ಟೇಷನ್ ಇದೆ

ಸಂಪಾದಕರಿಗೆ ನಮಸ್ಕಾರ.

ಮಳೆಗಾಲ ಬಂತು ಅಂದರೆ ನಿಮ್ಮ ಪತ್ರಿಕೆಯಲ್ಲಿ ದೂಧ್‌ಸಾಗರ ಜಲಪಾತದ ಫೋಟೋ ಬಂದೇ ಬರುತ್ತದೆ. ಬರಲಿ, ಬೇಡ ಅನ್ನುವುದಿಲ್ಲ. 310 ಮೀಟರ್ ಎತ್ತರದಿಂದ ಬೀಳುವ ನೀರು, ಅದರ ಮುಂದೆಯೇ ಸೇತುವೆ ದಾಟುವ ರೈಲು, ಯಾರಿಗೆ ತಾನೆ ಇಷ್ಟವಾಗುವುದಿಲ್ಲ? ಆದರೆ ಈ ಸಲದ ಪುರವಣಿಯಲ್ಲಿ ಬಂದ ಲೇಖನ ಕ್ಯಾಸಲ್‌ರಾಕ್ ಸ್ಟೇಷನ್ನನ್ನು ಒಂದೇ ಸಾಲಿನಲ್ಲಿ ದಾಟಿಸಿಬಿಟ್ಟಿತು. ಲೋಂಡಾ ಆಯಿತು, ಕ್ಯಾಸಲ್‌ರಾಕ್ ಅನ್ನುವ ಚಿಕ್ಕ ಸ್ಟೇಷನ್ ಆಯಿತು, ಇನ್ನು ಕಿಟಕಿ ಪಕ್ಕ ಕುಳಿತುಕೊಳ್ಳಿ, ಇಷ್ಟೇ. ಇದನ್ನು ಓದಿ ಸುಮ್ನೆ ಇರಲಾಗಲಿಲ್ಲ. ಅದಕ್ಕೇ ಈ ಪತ್ರ. ಉದ್ದವಾಗುತ್ತದೆ, ನಿಮಗೆ ಬೇಕಾದಷ್ಟು ಕತ್ತರಿಸಿಕೊಳ್ಳಿ.

ಕ್ಯಾಸಲ್‌ರಾಕ್ ಇರುವುದು ನಮ್ಮ ಉತ್ತರ ಕನ್ನಡ ಜಿಲ್ಲೆಯ ಜೋಯಿಡಾ ತಾಲ್ಲೂಕಿನಲ್ಲಿ. ಸುತ್ತ ಕಾಡು. ಇವತ್ತು ಗೋವಾಕ್ಕೆ ಹೋಗುವ ಬಹಳಷ್ಟು ಜನ ರಾತ್ರಿ ನಿದ್ದೆಯಲ್ಲೇ ಅದನ್ನು ದಾಟುತ್ತಾರೆ. ಆದರೆ 1961ರ ಡಿಸೆಂಬರ್‌ವರೆಗೆ ಅದು ಬರೀ ಇನ್ನೊಂದು ಸ್ಟೇಷನ್ ಆಗಿರಲಿಲ್ಲ. ಮೊದಲು ಬ್ರಿಟಿಷ್ ಇಂಡಿಯಾದ, ಆಮೇಲೆ ಸ್ವತಂತ್ರ ಭಾರತದ ಗಡಿ ಸ್ಟೇಷನ್ ಅದು. ಅದನ್ನು ಬಿಟ್ಟು ಕೆಲವೇ ಕಿಲೋಮೀಟರ್ ಹೋದರೆ ಪೋರ್ಚುಗೀಸರ ನೆಲ. ವಾಘಾ ಅಟ್ಟಾರಿ ಬಗ್ಗೆ ನಮ್ಮ ಮಕ್ಕಳಿಗೆಲ್ಲ ಗೊತ್ತು. ನಮ್ಮ ರಾಜ್ಯದೊಳಗೇ ರೈಲಿನಲ್ಲಿ ಬೇರೆ ದೇಶಕ್ಕೆ ದಾಟುವ ಬಾಗಿಲು ಒಂದಿತ್ತು ಅನ್ನುವುದು ಎಷ್ಟು ಜನಕ್ಕೆ ಗೊತ್ತಿದೆ?

ಈ ಹಳಿ ಯಾಕೆ ಬಂತು ಅಂತ ತಿಳಿಯಬೇಕಾದರೆ ಘಟ್ಟ ಬಿಟ್ಟು ಮೊದಲು ಧಾರವಾಡ ಗದಗದ ಎರೆ ಹೊಲಗಳ ಕಡೆ ಬರಬೇಕು. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಗಿ ಇಂಗ್ಲೆಂಡಿನ ಲ್ಯಾಂಕಾಶೈರ್ ಗಿರಣಿಗಳಿಗೆ ಅಲ್ಲಿನ ಹತ್ತಿ ಬರುವುದು ನಿಂತುಹೋಯಿತು. ಕೂಡಲೇ ಎಲ್ಲರ ಕಣ್ಣು ನಮ್ಮ ಹತ್ತಿ ಮೇಲೆ. ಆದರೆ ಹತ್ತಿ ಸಮುದ್ರಕ್ಕೆ ಮುಟ್ಟುವುದು ಹೇಗೆ? ಎತ್ತಿನ ಗಾಡಿಯಲ್ಲಿ ಹೇರಿಕೊಂಡು ಘಟ್ಟ ಇಳಿಸಿ ಕುಮಟಾಕ್ಕೆ ಒಯ್ಯಬೇಕು, ಅಲ್ಲಿಂದ ಹಡಗು. ಧಾರವಾಡದ ಕಡೆಯ ಹತ್ತಿಗೆ ಹೊರಗಿನ ಪೇಟೆಯಲ್ಲಿ ಕುಮಟಾ ಹತ್ತಿ ಅಂತಲೇ ಹೆಸರು ಬಿದ್ದಿತ್ತು. ಬೆಳೆದವರು ನಾವು, ಹೆಸರು ಬಂದರಿನದು. ಮಳೆಗಾಲದಲ್ಲಂತೂ ಆ ದಾರಿಯೂ ಬಂದ್.

ಕಾರವಾರ ಅದಕ್ಕಿಂತ ಒಳ್ಳೆಯ ಬಂದರು ಅಂತ ಬಾಂಬೆಯ ಹತ್ತಿ ವ್ಯಾಪಾರಿಗಳು ಒತ್ತಾಯ ಶುರು ಮಾಡಿದರು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸ್ ಪ್ರಾಂತ್ಯದಿಂದ ತೆಗೆದು ಬಾಂಬೆಗೆ ಸೇರಿಸಿದ್ದರ ಹಿಂದೆ ಇದೇ ಹತ್ತಿ, ಇದೇ ಬಂದರಿನ ಲೆಕ್ಕಾಚಾರ ಇತ್ತು. ಹುಬ್ಬಳ್ಳಿಯಿಂದ ಕಾರವಾರಕ್ಕೆ ರೈಲು ಹಾಕಬೇಕು ಅನ್ನುವ ಮಾತು ಶುರುವಾಗಿದ್ದೂ ಆಗಲೇ. ಆ ರೈಲು ಬರಲಿಲ್ಲ. ನಮ್ಮ ಕಾಲದಲ್ಲಿ ಹುಬ್ಬಳ್ಳಿ–ಅಂಕೋಲಾ ಮಾರ್ಗ ಅಂತ ಅದೇ ಆಸೆ ಮತ್ತೆ ಎದ್ದಿತು. 1990ರ ದಶಕದ ಕೊನೆಯಲ್ಲಿ ಮಂಜೂರಾಯಿತು, ಆಮೇಲೆ ಕಾಡು, ಕೋರ್ಟು, ಸಮಿತಿ, ವರದಿ ಅಂತ ಸುತ್ತುತ್ತಲೇ ಇದೆ. ನೂರೈವತ್ತು ವರ್ಷ ದಾಟಿದ ಬೇಡಿಕೆ ಇದು. ಇಷ್ಟು ಹಳೆಯ ಅರ್ಜಿ ರಾಜ್ಯದಲ್ಲಿ ಬೇರೆ ಇದೆಯೋ ಇಲ್ಲವೋ!

ಕಾರವಾರಕ್ಕೆ ತಪ್ಪಿದ್ದು ಗೋವಾದ ಮರ್ಮಗೋವಾಕ್ಕೆ ಸಿಕ್ಕಿತು. ಅದು ಹೇಗೆ ಅಂದರೆ, ಬ್ರಿಟಿಷರಿಗೆ ಒಂದು ಒಳ್ಳೆಯ ಬಂದರು ಬೇಕಿತ್ತು, ಪೋರ್ಚುಗೀಸರ ಕೈಯಲ್ಲಿ ಬಂದರಿತ್ತು, ಆದರೆ ರೈಲು ಹಾಕುವಷ್ಟು ದುಡ್ಡಿರಲಿಲ್ಲ. 1878ರ ಡಿಸೆಂಬರ್‌ನಲ್ಲಿ ಇಬ್ಬರೂ ಒಂದು ಒಪ್ಪಂದ ಮಾಡಿಕೊಂಡರು. ಗೋವಾ ಮತ್ತು ಬ್ರಿಟಿಷ್ ಇಂಡಿಯಾ ನಡುವೆ ಸುಂಕ ಇರುವುದಿಲ್ಲ. ಗೋವಾದ ಉಪ್ಪಿನ ಏಕಸ್ವಾಮ್ಯ ಬ್ರಿಟಿಷರ ಕೈಗೆ. ಅದಕ್ಕೆ ಬದಲಾಗಿ ಬ್ರಿಟಿಷರು ವರ್ಷಕ್ಕೆ 4 ಲಕ್ಷ ರೂಪಾಯಿ ಕೊಡಬೇಕು. ಮರ್ಮಗೋವಾದಿಂದ ಗಡಿವರೆಗೆ ಪೋರ್ಚುಗೀಸರ ಕಡೆಯಿಂದ ಹಳಿ, ಗಡಿಯಿಂದ ಈಚೆಗೆ ಬ್ರಿಟಿಷರ ಕಡೆಯಿಂದ ಹಳಿ. ಗೋವಾದ ಉಪ್ಪು ಮಾಡುವವರ ಹೊಟ್ಟೆ ಮೇಲೆ ಈ ಒಪ್ಪಂದ ಹೊಡೆಯಿತು ಅನ್ನುವುದು ಇನ್ನೊಂದು ಕಥೆ. ನಮ್ಮ ಚಹಾ ಕಪ್ಪಿನೆದುರು ರೈಲಿನ ರೊಮ್ಯಾಂಟಿಕ್ ಕಥೆ ಹೇಳುವವರು ಆ ಉಪ್ಪಿನ ಮಾತು ಎತ್ತುವುದಿಲ್ಲ.

ಒಪ್ಪಂದದ ಹೊತ್ತಿಗೇ ಇನ್ನೊಂದು ದೊಡ್ಡ ಸಂಗತಿ ನಡೆದಿತ್ತು. 1876ರಿಂದ 1878ರವರೆಗಿನ ಬರ. ಧಾರವಾಡ, ಬಳ್ಳಾರಿ, ಆಗಿನ ಕಲಾದಗಿ ಜಿಲ್ಲೆ ಎಲ್ಲ ಕಡೆ ಜನ ಹಸಿವಿನಿಂದ ಸತ್ತರು. ಕಾಳು ಇರುವ ಕಡೆಯಿಂದ ಇಲ್ಲದ ಕಡೆಗೆ ಸಾಗಿಸಲು ದಾರಿಯೇ ಇರಲಿಲ್ಲ. ಆಮೇಲೆ ಸರ್ಕಾರಕ್ಕೆ ಬುದ್ಧಿ ಬಂತು, ಬರದ ನಾಡಿಗೆ ರೈಲು ಬೇಕು ಅಂತ. ಹಾಗೆ 1882ರಲ್ಲಿ ಹುಟ್ಟಿದ್ದು ಸದರ್ನ್ ಮರಾಠಾ ರೈಲ್ವೆ ಕಂಪನಿ. ಬಳ್ಳಾರಿ, ಹೊಸಪೇಟೆ, ಗದಗ, ಹುಬ್ಬಳ್ಳಿ, ಧಾರವಾಡ, ಲೋಂಡಾ, ಕೊನೆಗೆ ಕ್ಯಾಸಲ್‌ರಾಕ್, ಎಲ್ಲವೂ ಈ ಕಂಪನಿಯ ಮೀಟರ್‌ಗೇಜ್ ಹಳಿ. ಅದರ ಮುಖ್ಯ ಕಚೇರಿ ಧಾರವಾಡದಲ್ಲಿತ್ತು. ಇವತ್ತು ಕರ್ನಾಟಕ ಕಾಲೇಜಿನ ಆ ಚಂದದ ಕಲ್ಲಿನ ಕಟ್ಟಡ ಇದೆಯಲ್ಲ, ಅದೇ. ಅಲ್ಲಿ ಓದಿದ ಎಷ್ಟೋ ಸಾಹಿತಿಗಳು, ನಾಯಕರು, ಲೆಕ್ಚರರ್‌ಗಳು ಒಂದು ರೈಲ್ವೆ ಆಫೀಸಿನೊಳಗೇ ಕುಳಿತು ಪಾಠ ಕೇಳಿದವರು!

ಗೋವಾ ಕಡೆಯ ಕಂಪನಿಯ ಹೆಸರು ಕೇಳಿದರೆ ಉಸಿರು ಸಿಕ್ಕಿಕೊಳ್ಳುತ್ತದೆ. ವೆಸ್ಟ್ ಆಫ್ ಇಂಡಿಯಾ ಪೋರ್ಚುಗೀಸ್ ಗ್ಯಾರಂಟೀಡ್ ರೈಲ್ವೆ. 1881ರಲ್ಲಿ ಲಂಡನ್ನಿನಲ್ಲಿ ಶುರುವಾದ ಕಂಪನಿ. ಷೇರು ಹಾಕಿದವರಿಗೆ ಇಷ್ಟು ಬಡ್ಡಿ ಬಂದೇ ಬರುತ್ತದೆ ಅಂತ ಪೋರ್ಚುಗಲ್ ಸರ್ಕಾರ ಖಾತ್ರಿ ಕೊಟ್ಟಿತ್ತು, ಅದಕ್ಕೇ ಗ್ಯಾರಂಟೀಡ್. ಹಾಗಾಗಿ ದುಡ್ಡು ಲಂಡನ್ನಿನದು, ಖಾತ್ರಿ ಲಿಸ್ಬನ್ನಿನದು, ಹತ್ತಿ ನಮ್ಮದು. ನಷ್ಟ ಆದರೆ ಯಾರ ತಲೆ ಮೇಲೆ ಅಂತ ಕೇಳಬೇಡಿ. ಖಾತ್ರಿ ಕೊಟ್ಟ ತಪ್ಪಿಗೆ ಪೋರ್ಚುಗಲ್ ವರ್ಷಗಟ್ಟಲೆ ಕೈಯಿಂದ ಕೊಡಬೇಕಾಯಿತು.

ಮರ್ಮಗೋವಾದಿಂದ ಗಡಿಗೆ ಹೆಚ್ಚುಕಡಿಮೆ 82 ಕಿಲೋಮೀಟರ್. ಮೊದಲ ಭಾಗ ಬಯಲು, ಅದೇನೂ ಕಷ್ಟವಲ್ಲ. ಕುಳೆಂ ದಾಟಿದ ಮೇಲೆ ಇದೆ ನೋಡಿ, ಅಲ್ಲಿಂದ ಸೋನಾಳಿಂ, ದೂಧ್‌ಸಾಗರ, ಕಾರಂಜೋಳ ಹಾದು ಕ್ಯಾಸಲ್‌ರಾಕ್ ಮುಟ್ಟುವವರೆಗೆ ಸುಮಾರು 26 ಕಿಲೋಮೀಟರ್ ಬರೀ ಏರು. ಪೋರ್ಚುಗಲ್ ರಾಜಮನೆತನದ ಹೆಸರಿಟ್ಟು ಇದಕ್ಕೆ ಬ್ರಗಾಂಜಾ ಘಾಟ್ ಅಂದರು. 37 ಅಡಿ ಮುಂದೆ ಹೋದರೆ 1 ಅಡಿ ಮೇಲೆ ಹತ್ತಬೇಕು. ನಡೆಯುವವರಿಗೆ ಇದೇನು ಮಹಾ ಅನ್ನಿಸಬಹುದು, ರಸ್ತೆಯಲ್ಲಿ ಬೈಕು ಇದಕ್ಕಿಂತ ಕಡಿದಾದ ಏರನ್ನು ಆರಾಮಾಗಿ ಹತ್ತುತ್ತದೆ. ಆದರೆ ಉಕ್ಕಿನ ಹಳಿ ಮೇಲೆ ಉಕ್ಕಿನ ಚಕ್ರ, ಅದರ ಮೇಲೆ ಧೋ ಅಂತ ಸುರಿಯುವ ಮಳೆ, ಚಕ್ರ ಜಾರುತ್ತದೆ. ಕಲ್ಲು ಕೊರೆದು ಒಂದರ ಹಿಂದೆ ಒಂದು ಸುರಂಗ ಮಾಡಿ, ಕಣಿವೆಗಳಿಗೆ ಸೇತುವೆ ಹಾಕಿ, 1888ರಲ್ಲಿ ಕೆಳಗಿನ ಹಳಿಯನ್ನೂ ಮೇಲಿನ ಹಳಿಯನ್ನೂ ಜೋಡಿಸಿದರು. ಆಗ ಜೆಸಿಬಿ ಇಲ್ಲ, ಮಲೇರಿಯಾಕ್ಕೆ ಸರಿಯಾದ ಔಷಧಿ ಕೈಗೆಟುಕುತ್ತಿರಲಿಲ್ಲ. ಆ ಕೆಲಸ ಮಾಡಿದ ಕೂಲಿಯವರ ಹೆಸರು ನಾವು ಯಾರೂ ಕೇಳಿಲ್ಲ. ಷೇರು ಹಾಕಿದ ಇಂಗ್ಲಿಷ್ ಡ್ಯೂಕ್ ಒಬ್ಬನ ಹೆಸರು ಮಾತ್ರ ಎಲ್ಲ ಕಡೆ ಸಿಗುತ್ತದೆ.

ಈ ಏರಿನಿಂದಾಗಿಯೇ ಕ್ಯಾಸಲ್‌ರಾಕ್‌ಗೆ ಇವತ್ತಿಗೂ ಒಂದು ಕೆಲಸ ಇದೆ, ಅದನ್ನು ನಿಮ್ಮ ಓದುಗರಿಗೆ ಹೇಳಲೇಬೇಕು. ಕುಳೆಂನಿಂದ ಮೇಲೆ ಬರುವ ಭಾರದ ಗಾಡಿಗೆ ಮುಂದಿನ ಇಂಜಿನ್ ಸಾಲುವುದಿಲ್ಲ. ಹಿಂದಿನಿಂದ ಇನ್ನೂ ಇಂಜಿನ್ ಜೋಡಿಸಿ ನೂಕಿಸುತ್ತಾರೆ. ರೈಲ್ವೆಯವರು ಇದಕ್ಕೆ ಬ್ಯಾಂಕರ್ ಅನ್ನುತ್ತಾರೆ. ಕ್ಯಾಸಲ್‌ರಾಕ್ ಮುಟ್ಟಿದ ಮೇಲೆ ಬ್ಯಾಂಕರ್ ಬಿಚ್ಚುತ್ತಾರೆ. ಇಳಿಯುವ ಗಾಡಿಯದು ಬೇರೆ ತಲೆನೋವು. ಏರುವಾಗ ಇಂಜಿನ್ ಸೋತರೆ ಗಾಡಿ ನಿಲ್ಲುತ್ತದೆ ಅಷ್ಟೇ, ಇಳಿಯುವಾಗ ಬ್ರೇಕ್ ಸೋತರೆ ಕಥೆ ಮುಗಿಯಿತು. ಅದಕ್ಕೇ ಘಟ್ಟ ಇಳಿಯುವ ಮೊದಲು ಇಲ್ಲಿ ಗಾಡಿ ನಿಲ್ಲಿಸಿ ಬ್ರೇಕ್ ಪರೀಕ್ಷೆ ಮಾಡುತ್ತಾರೆ. ದಾರಿಯಲ್ಲಿ ಅಲ್ಲಲ್ಲಿ ಕ್ಯಾಚ್ ಸೈಡಿಂಗ್ ಅಂತ ಮಾಡಿದ್ದಾರೆ, ಹಿಡಿತ ತಪ್ಪಿದ ಗಾಡಿ ಮುಖ್ಯ ಹಳಿ ಬಿಟ್ಟು ಅದರೊಳಗೆ ಹೋಗಿ ಏರು ಹತ್ತಿ ನಿಲ್ಲಲಿ ಅಂತ. ನಿಮ್ಮ ಗಾಡಿ ಕ್ಯಾಸಲ್‌ರಾಕ್‌ನಲ್ಲಿ ಯಾಕೋ ಸುಮ್ಮನೆ ನಿಂತಿದೆ ಅಂತ ಬೈದುಕೊಳ್ಳುವವರು ಇದನ್ನು ನೆನಪಿಡಿ. ನಮ್ಮ ಮಾವನವರು ರೈಲ್ವೆಯಲ್ಲಿದ್ದವರು. ಘಾಟ್ ಸೆಕ್ಷನ್ ಅಂದರೆ ಅವರ ದನಿಯೇ ಬದಲಾಗುತ್ತಿತ್ತು.

ಸುಂಕ ಇಲ್ಲ ಅನ್ನುವ ಒಪ್ಪಂದ ಜಾರಿಗೆ ಬಂದದ್ದು 1880ರ ಜನವರಿಯಲ್ಲಿ, ಹನ್ನೆರಡು ವರ್ಷಕ್ಕೆ, 1892ರ ಜನವರಿಯಲ್ಲಿ ಮುಗಿಯಿತು. ಮತ್ತೆ ಮುಂದುವರಿಯಲಿಲ್ಲ. ಆಗ ಕ್ಯಾಸಲ್‌ರಾಕ್ ನಿಜವಾದ ಗಡಿ ಆಯಿತು. ಈ ಕಡೆ ಕ್ಯಾಸಲ್‌ರಾಕ್‌ನಲ್ಲಿ ಬ್ರಿಟಿಷರ ಸುಂಕದ ಚೌಕಿ, ಆ ಕಡೆ ಕುಳೆಂನಲ್ಲಿ ಪೋರ್ಚುಗೀಸರ ಚೌಕಿ. ಸಾಮಾನು ಬಿಚ್ಚಿ ತೋರಿಸಬೇಕು, ಆಮೇಲೆ ಮುಂದಿನ ಪ್ರಯಾಣ. ಸುಂಕ ಎಲ್ಲಿದೆಯೋ ಅಲ್ಲಿ ಕಳ್ಳಸಾಗಣೆ ಇದ್ದೇ ಇರುತ್ತದೆ, ಕಾಡಿನ ದಾರಿಗಳಿಗೇನು ಬರ ಇರಲಿಲ್ಲ. ಗೋವಾದ ಹೆಂಡ, ಹೊರದೇಶದ ಸಾಮಾನು, ಇದರ ಕಥೆಗಳನ್ನು ಗಡಿ ಹಳ್ಳಿಗಳ ಹಿರಿಯರು ಈಗಲೂ ನಗುತ್ತಾ ಹೇಳುತ್ತಾರೆ.

ಕಂಪನಿಗಳು ಎರಡಾದರೂ ಗಾಡಿ ಓಡಿಸುವ ಕೆಲಸ 1902ರಿಂದ ಒಬ್ಬರ ಕೈಗೇ ಬಂತು. ಗೋವಾದ ಹಳಿಯನ್ನೂ ಸದರ್ನ್ ಮರಾಠಾದವರೇ ನಡೆಸತೊಡಗಿದರು. 1908ರಲ್ಲಿ ಅದು ಮದ್ರಾಸ್ ರೈಲ್ವೆ ಜೊತೆ ಸೇರಿ ಮದ್ರಾಸ್ ಅಂಡ್ ಸದರ್ನ್ ಮರಾಠಾ ರೈಲ್ವೆ ಆಯಿತು. ಲೋಂಡಾ, ಹುಬ್ಬಳ್ಳಿಯ ರೈಲ್ವೆ ಕಾಲೊನಿಗಳಲ್ಲಿ ಗೋವಾ ಮೂಲದ ಕುಟುಂಬಗಳು ನೆಲೆಯಾದದ್ದು, ಗೋವಾದ ಹುಡುಗರು ಓದಲು ಕೆಲಸ ಹುಡುಕಲು ಬೆಳಗಾವಿ, ಧಾರವಾಡ, ಬಾಂಬೆ ಕಡೆ ಬಂದದ್ದು, ಎಲ್ಲ ಇದೇ ಹಳಿ ಹಿಡಿದು.

ಈಗ ಜಾಸ್ತಿ ಜನಕ್ಕೆ ಗೊತ್ತಿಲ್ಲದ ಮಾತಿಗೆ ಬರುತ್ತೇನೆ. ರಾಮಮನೋಹರ ಲೋಹಿಯಾ 1946ರ ಜೂನ್ 18ರಂದು ಮಡಗಾಂವ್‌ನಲ್ಲಿ ಮಾತಾಡಲು ಹೋಗಿ ಬಂಧನವಾದದ್ದು ಎಲ್ಲರೂ ಹೇಳುತ್ತಾರೆ. ಗೋವಾದ ವಿಮೋಚನಾ ಹೋರಾಟಕ್ಕೆ ಹೊಸ ಕಿಚ್ಚು ಹತ್ತಿದ ದಿನ ಅದು. ಆದರೆ ಅವರು ಅಷ್ಟಕ್ಕೇ ಬಿಡಲಿಲ್ಲ. ಅದೇ ವರ್ಷ ಸೆಪ್ಟೆಂಬರ್ 29ರಂದು ಮತ್ತೆ ರೈಲಿನಲ್ಲಿ ಗೋವಾಕ್ಕೆ ಹೊರಟರು. ಕುಳೆಂ ಸ್ಟೇಷನ್‌ನಲ್ಲೇ ಪೋರ್ಚುಗೀಸ್ ಪೊಲೀಸರು ಹಿಡಿದು ಅಗ್ವಾದ ಕೋಟೆಗೆ ಹಾಕಿದರು. ಕೆಲವು ದಿನ ಇಟ್ಟುಕೊಂಡು ಗಡಿಗೆ ತಂದುಬಿಟ್ಟರು. ರೈಲಿನಲ್ಲಿ ಕುಳೆಂ ಮುಟ್ಟಬೇಕಾದರೆ ಕ್ಯಾಸಲ್‌ರಾಕ್ ಹಾದೇ ಹೋಗಬೇಕು, ಬೇರೆ ಹಳಿ ಇರಲಿಲ್ಲ. ಅಂದರೆ ಸ್ವಾತಂತ್ರ್ಯ ಹೋರಾಟದ ಒಂದು ಹೆಜ್ಜೆ ನಮ್ಮ ಜೋಯಿಡಾ ತಾಲ್ಲೂಕಿನ ಪ್ಲಾಟ್‌ಫಾರ್ಮ್ ಹಾದುಹೋಗಿದೆ. ಇದನ್ನು ನಮ್ಮ ಯಾವ ಪಠ್ಯದಲ್ಲೂ ನಾನು ಓದಿದ ನೆನಪಿಲ್ಲ.

1947 ಬಂತು. ದೆಹಲಿಯಲ್ಲಿ ಬಾವುಟ ಹಾರಿತು. ಕ್ಯಾಸಲ್‌ರಾಕ್‌ನಲ್ಲೂ ಹಾರಿತು, ಆದರೆ ಕಾಡಿನಾಚೆ ಪೋರ್ಚುಗೀಸರ ಬಾವುಟ ಹಾಗೇ ಇತ್ತು. 1955ರ ಆಗಸ್ಟ್ 15ರಂದು ಸಾವಿರಾರು ಸತ್ಯಾಗ್ರಹಿಗಳು ಬರಿಗೈಯಲ್ಲಿ ಬೇರೆ ಬೇರೆ ಕಡೆಯಿಂದ ಗೋವಾ ಗಡಿ ದಾಟಿದರು. ಪೋರ್ಚುಗೀಸರು ಗುಂಡು ಹೊಡೆದರು, ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ಸತ್ಯಾಗ್ರಹಿಗಳು ಹಿಡಿದ ದಾರಿಗಳಲ್ಲಿ ಕ್ಯಾಸಲ್‌ರಾಕ್ ಕೂಡ ಒಂದು. ಆ ವರ್ಷವೇ ಭಾರತ ಗಡಿ ಮುಚ್ಚಿತು, ರೈಲು ನಿಂತಿತು.

ಅಲ್ಲಿಂದ ಆರು ವರ್ಷ ಈ ಸ್ಟೇಷನ್ ಹೇಗಿದ್ದಿರಬಹುದು ಅಂತ ಯೋಚಿಸಿ. ಹಳಿ ಮುಂದಕ್ಕೆ ಹೋಗುತ್ತದೆ, ಗಾಡಿ ಹೋಗುವುದಿಲ್ಲ. ದಾಟಿಸಲೆಂದೇ ಕಟ್ಟಿದ ಊರಿಗೆ ದಾಟಿಸುವ ಕೆಲಸವೇ ಇಲ್ಲ. ಹಮಾಲರು, ಸುಂಕದವರು, ಚಹಾ ಮಾರುವವರು, ಎಲ್ಲರ ದುಡಿಮೆಯೂ ಆ ಗಾಡಿಗಳ ಮೇಲೇ ನಿಂತಿತ್ತು. ಗಡಿಯ ಎರಡೂ ಕಡೆ ಮದುವೆ ಸಂಬಂಧ ಇದ್ದ ಮನೆಗಳ ಪಾಡು ಬೇರೆ. ಯುದ್ಧದ ಕಥೆ ಬರೆಯುವವರು 1961ರ ಡಿಸೆಂಬರ್ 18, 19ರ ಎರಡು ದಿನದ ಬಗ್ಗೆ ಪುಟಗಟ್ಟಲೆ ಬರೆಯುತ್ತಾರೆ. ನನಗೆ ಆ ಆರು ವರ್ಷದ ಬಗ್ಗೆ ತಿಳಿಯುವ ಆಸೆ. ಗೋವಾ ಭಾರತಕ್ಕೆ ಸೇರಿತು, ಆಮೇಲೆ ಹಳಿ ಸರಿ ಮಾಡಿ ಗಾಡಿ ಮತ್ತೆ ಬಿಟ್ಟರು. ಗಡಿ ಹೋಯಿತು. ಅದರ ಜೊತೆಗೆ ಕ್ಯಾಸಲ್‌ರಾಕ್‌ಗೆ ಇದ್ದ ದೊಡ್ಡಸ್ತಿಕೆಯೂ ಹೋಯಿತು.

ಇಲ್ಲೊಂದು ತಮಾಷೆ ಇದೆ. ಈ ಸ್ಟೇಷನ್ ತಾನು ಇದ್ದಲ್ಲಿಂದ ಒಂದಿಂಚೂ ಕದಲಿಲ್ಲ, ಆದರೆ ಅದರ ವಿಳಾಸ ಬದಲಾಗುತ್ತಲೇ ಇತ್ತು. ಬಾಂಬೆ ಪ್ರಾಂತ್ಯ, ಬಾಂಬೆ ರಾಜ್ಯ, 1956ರ ನವೆಂಬರ್ 1ರಿಂದ ಮೈಸೂರು ರಾಜ್ಯ, 1973ರಿಂದ ಕರ್ನಾಟಕ. ತಾಲ್ಲೂಕು ಸೂಪಾ ಅಂತ ಇತ್ತು, ಸೂಪಾ ಊರೇ ಅಣೆಕಟ್ಟೆಯ ನೀರಲ್ಲಿ ಮುಳುಗಿ ಈಗ ಜೋಯಿಡಾ. ರೈಲ್ವೆ ಲೆಕ್ಕದಲ್ಲಿ ಮೊದಲು ಧಾರವಾಡದ ಕಂಪನಿ, ಆಮೇಲೆ ಮದ್ರಾಸ್, 1951ರಿಂದ ಸದರ್ನ್ ರೈಲ್ವೆ, 1966ರಿಂದ ಸಿಕಂದರಾಬಾದಿನ ಸೌತ್ ಸೆಂಟ್ರಲ್, 2003ರಿಂದ ಹುಬ್ಬಳ್ಳಿಯ ನೈರುತ್ಯ ರೈಲ್ವೆ. ನೂರು ವರ್ಷ ಸುತ್ತಾಡಿ ಮತ್ತೆ ಹುಬ್ಬಳ್ಳಿ ಧಾರವಾಡಕ್ಕೇ ಬಂತು ಅನ್ನಿ. ಹಾಗಾಗಿ ಈಗ ನಮ್ಮ ಮನವಿ ಕೇಳಬೇಕಾದವರು ದೂರದಲ್ಲೇನೂ ಇಲ್ಲ.

ಮುಂದಿನದನ್ನು ಬೇಗ ಹೇಳುತ್ತೇನೆ, ಯಾಕೆಂದರೆ ಇದು ನಿಮ್ಮ ಪತ್ರಿಕೆಯಲ್ಲೇ ಬಂದಿದೆ. 1990ರ ದಶಕದಲ್ಲಿ ಮೀಟರ್‌ಗೇಜ್ ಹೋಗಿ ಬ್ರಾಡ್‌ಗೇಜ್ ಬಂತು. ಬಳ್ಳಾರಿ ಹೊಸಪೇಟೆ ಕಡೆಯ ಅದಿರು ಈ ಘಟ್ಟ ಇಳಿದು ಮರ್ಮಗೋವಾ ಸೇರುತ್ತಿತ್ತು. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಗಣಿಗಾರಿಕೆಗೆ ತಡೆ ಹಾಕಿದ ಮೇಲೆ ಆ ಸಾಗಾಟ ಬಿತ್ತು. ಈಗ ಉಲ್ಟಾ. ಹೊರದೇಶದ ಕಲ್ಲಿದ್ದಲು ಮರ್ಮಗೋವಾದಲ್ಲಿ ಇಳಿದು, ಘಟ್ಟ ಹತ್ತಿ, ನಮ್ಮ ಕಡೆಯ ಉಕ್ಕಿನ ಕಾರ್ಖಾನೆಗಳಿಗೆ ಹೋಗುತ್ತದೆ. ಅದಕ್ಕಾಗಿ ಇನ್ನೊಂದು ಹಳಿ ಬೇಕು ಅಂತ ಯೋಜನೆ. ಗೋವಾದಲ್ಲಿ ಜನ ಬೀದಿಗಿಳಿದರು, 2022ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಕ್ಯಾಸಲ್‌ರಾಕ್–ಕುಳೆಂ ನಡುವಿನ ಜೋಡಿ ಹಳಿಗೆ ಕೊಟ್ಟಿದ್ದ ವನ್ಯಜೀವಿ ಮಂಡಳಿ ಸಮಿತಿಯ ಒಪ್ಪಿಗೆಯನ್ನು ರದ್ದು ಮಾಡಿತು. ಆ ತೀರ್ಪು ಸರಿ ಅಂತಲೇ ನನ್ನ ಅಭಿಪ್ರಾಯ. ಒಂದು ಕಡೆ ನಮ್ಮ ಕಾಳಿ ಹುಲಿ ಅಭಯಾರಣ್ಯ, ಇನ್ನೊಂದು ಕಡೆ ಗೋವಾದ ಭಗವಾನ್ ಮಹಾವೀರ ಅಭಯಾರಣ್ಯ, ಮಧ್ಯೆ ಈ ಹಳಿ. ಈಗಿರುವ ಹಳಿಯಲ್ಲೇ ಕಾಡುಕೋಣಗಳು ಸಾಯುತ್ತಿವೆ. ಗುಡ್ಡವೂ ಸುಮ್ಮನಿಲ್ಲ. 2021ರ ಜುಲೈನಲ್ಲಿ ಕೊಂಕಣ ದಾರಿ ಬಂದ್ ಆಗಿ ಈ ಕಡೆ ತಿರುಗಿಸಿದ್ದ ಮಂಗಳೂರು–ಮುಂಬೈ ಗಾಡಿ ದೂಧ್‌ಸಾಗರ ಸೋನಾಳಿಂ ನಡುವೆ ಗುಡ್ಡ ಕುಸಿದು ಹಳಿ ತಪ್ಪಿತು. ಅಂಥ ಜಾಗದಲ್ಲಿ ಮಳೆಗಾಲದ ರಾತ್ರಿ ಟಾರ್ಚ್ ಹಿಡಿದು ಗಸ್ತು ತಿರುಗುವ ಟ್ರ್ಯಾಕ್‌ಮನ್‌ಗಳಿದ್ದಾರೆ, ನಮ್ಮ ಕಡೆ ಈಗಲೂ ಗ್ಯಾಂಗ್‌ಮನ್ ಅಂತಲೇ ಅನ್ನುವುದು. ರಾಜ್ಯದಲ್ಲೇ ಅತಿ ಜಾಸ್ತಿ ಮಳೆ ಬೀಳುವ ಜಾಗಗಳಲ್ಲಿ ಕ್ಯಾಸಲ್‌ರಾಕ್ ಒಂದು. ಅವರ ಬಗ್ಗೆ ಒಂದು ಪುಟ ಬರೆದರೆ ಜಲಪಾತದ ಫೋಟೋಕ್ಕಿಂತ ಹೆಚ್ಚು ಜನ ಓದುತ್ತಾರೆ ಅಂತ ನನ್ನ ಬಾಜಿ.

ಅಂದಹಾಗೆ ಹಳಿ ಮೇಲೆ ನಡೆದು ಜಲಪಾತ ನೋಡಲು ಹೋಗುವವರ ಬಗ್ಗೆ ಒಂದು ಮಾತು. 2023ರ ಜುಲೈನಲ್ಲಿ ರೈಲ್ವೆ ಪೊಲೀಸರು ಹಾಗೆ ಹೋದವರನ್ನು ಹಿಡಿದು ಬಸ್ಕಿ ಹೊಡೆಸಿದ ವಿಡಿಯೋ ಎಲ್ಲರ ಮೊಬೈಲ್‌ನಲ್ಲೂ ಬಂತು, ಎಲ್ಲರೂ ನಕ್ಕರು. ಬಸ್ಕಿ ಹೊಡೆಸುವುದು ಸರಿಯೋ ತಪ್ಪೋ ಬೇರೆ ವಿಷಯ. ಆದರೆ ಸುರಂಗದೊಳಗೆ ಇಕ್ಕಟ್ಟು, ಬಾಗಿದ ಹಳಿ, ಮಳೆ ಸದ್ದಿಗೆ ಗಾಡಿಯ ಸದ್ದು ಕೇಳುವುದಿಲ್ಲ. ನಿಮ್ಮ ಲೇಖನದಲ್ಲಿ ಈ ಎಚ್ಚರಿಕೆ ಒಂದು ಸಾಲಾದರೂ ಇರಬೇಕಿತ್ತು, ಅಲ್ವಾ?

ಈಗ ನನ್ನ ಕೋರಿಕೆ. ಶಿವಮೊಗ್ಗ–ತಾಳಗುಪ್ಪ ದಾರಿಯ ಅರಸಾಳು ಸ್ಟೇಷನ್ ನಿಮಗೆ ಗೊತ್ತು. ಮಾಲ್ಗುಡಿ ಡೇಸ್ ಟಿವಿ ಧಾರಾವಾಹಿಯ ಶೂಟಿಂಗ್ ಅಲ್ಲಿ ಆಗಿತ್ತು ಅಂತ ಹಳೆಯ ಕಟ್ಟಡವನ್ನು ಚಂದ ಮಾಡಿ ಮ್ಯೂಸಿಯಂ ಮಾಡಿದರು. ಬಹಳ ಒಳ್ಳೆಯ ಕೆಲಸ, ನಾನೂ ಮನೆಯವರನ್ನು ಕರೆದುಕೊಂಡು ಹೋಗಿ ನೋಡಿದ್ದೇನೆ. ಹುಬ್ಬಳ್ಳಿಯಲ್ಲೂ ರೈಲು ಮ್ಯೂಸಿಯಂ ಆಗಿದೆ. ಅಂದರೆ ನೈರುತ್ಯ ರೈಲ್ವೆಗೆ ಈ ಕೆಲಸ ಬರುತ್ತದೆ, ಮನಸ್ಸೂ ಇದೆ. ಹಾಗಿದ್ದ ಮೇಲೆ ಕಥೆಯೊಳಗಿನ ಊರಿನ ಸ್ಟೇಷನ್‌ಗೆ ಸಿಕ್ಕ ಮರ್ಯಾದೆ, ನಿಜವಾಗಿ ಎರಡು ದೇಶಗಳ ಗಡಿ ಕಾದ ಸ್ಟೇಷನ್‌ಗೆ ಯಾಕೆ ಸಿಗಬಾರದು? ಕ್ಯಾಸಲ್‌ರಾಕ್‌ನಲ್ಲಿ ಇಳಿದು ಪ್ಲಾಟ್‌ಫಾರ್ಮ್ ಈ ತುದಿಯಿಂದ ಆ ತುದಿಗೆ ನಡೆದಾಗ ಈ ಕಥೆ ಹೇಳುವ ಒಂದು ಫಲಕವೂ ನನ್ನ ಕಣ್ಣಿಗೆ ಬೀಳಲಿಲ್ಲ.

ದೊಡ್ಡ ಕಟ್ಟಡ, ಗಾಜಿನ ಬಾಗಿಲು, ಸೆಲ್ಫಿ ಪಾಯಿಂಟ್ ಇದೆಲ್ಲ ಬೇಡವೇ ಬೇಡ. ಕಾಡಿನ ಮಧ್ಯೆ ಜನಜಾತ್ರೆ ಸೇರಿಸಿ ಪ್ಲಾಸ್ಟಿಕ್ ಬಿಸಾಡಿಸುವುದಂತೂ ಬೇಡ. ಒಂದು ಕೋಣೆ ಸಾಕು. ಗೋಡೆ ಮೇಲೆ ಘಟ್ಟದ ನಕ್ಷೆ, ಹಳೆಯ ಟೈಮ್‌ಟೇಬಲ್, ಸುಂಕದ ಕಾಲದ ಕಾಗದ ಸಿಕ್ಕರೆ ಅದು, ಕೆಲವು ಫೋಟೋ. ವಿವರಣೆ ಮೊದಲು ಕನ್ನಡದಲ್ಲಿರಲಿ, ಆ ಊರಲ್ಲಿ ಕೊಂಕಣಿ ಮರಾಠಿ ಮಾತಾಡುವವರೂ ಇದ್ದಾರೆ, ಅವರಿಗೂ ಓದಲು ಸಿಗಲಿ. ಗಾಡಿ ಬ್ರೇಕ್ ಪರೀಕ್ಷೆಗೆ ನಿಂತಿರುವಷ್ಟು ಹೊತ್ತಿನಲ್ಲಿ ಕಿಟಕಿಯಿಂದಲೇ ಓದಬಹುದಾದ ದೊಡ್ಡ ಅಕ್ಷರದ ಒಂದು ಫಲಕ ಹಾಕಿದರೆ ಇನ್ನೂ ಒಳ್ಳೆಯದು. ಹಳೆಯ ಕಾಲದ ಕಟ್ಟಡಗಳಲ್ಲಿ ಏನೇನು ಉಳಿದಿದೆಯೋ ಅದನ್ನು ಮೊದಲು ಪಟ್ಟಿ ಮಾಡಲಿ. ರಿಪೇರಿ ಹೆಸರಲ್ಲಿ ಕಲ್ಲಿನ ಗೋಡೆಗೆ ಟೈಲ್ಸ್ ಹಚ್ಚುವ ನಮ್ಮ ಚಾಳಿ ನಿಮಗೆ ಗೊತ್ತಲ್ಲ.

ಸುತ್ತಲಿನ ಕುಣಬಿ, ಗೌಳಿ ಹಾಡಿಗಳವರನ್ನು, ಅಲ್ಲೇ ಹುಟ್ಟಿ ಬೆಳೆದ ರೈಲ್ವೆ ಮನೆಯವರನ್ನು ಕೇಳದೆ ಈ ಕೆಲಸ ಮಾಡಬಾರದು. ಹತ್ತಿ ಹೋಯಿತು, ಉಪ್ಪು ಹೋಯಿತು, ಅದಿರು ಹೋಯಿತು, ಕಲ್ಲಿದ್ದಲು ಹೋಗುತ್ತಿದೆ, ಈಗ ಪ್ರವಾಸಿಗರು ಹೋಗುತ್ತಿದ್ದಾರೆ. ಎಲ್ಲವೂ ಅವರ ಮನೆ ಮುಂದಿನಿಂದ. ಅವರಿಗೆ ಬೇಕಾಗಿರುವುದು ಮ್ಯೂಸಿಯಂಗಿಂತ ಮೊದಲು ಲೋಂಡಾ, ಹುಬ್ಬಳ್ಳಿ ಕಡೆಗೆ ಹೊತ್ತಿಗೆ ಸರಿಯಾಗಿ ಹೋಗಿ ಸಂಜೆಗೆ ವಾಪಸ್ ಬರುವ ಒಂದು ಪ್ಯಾಸೆಂಜರ್ ಗಾಡಿ ಇರಬಹುದು. ಮಳೆಗಾಲದಲ್ಲಿ ಆ ಕಡೆಯ ರಸ್ತೆಗಳನ್ನು ನಂಬಿ ಆಸ್ಪತ್ರೆಗೋ ಕಾಲೇಜಿಗೋ ಹೊರಡುವುದು ಹೇಗೆ ಅಂತ ಅಲ್ಲಿರುವವರನ್ನೇ ಕೇಳಿ. ಪ್ರವಾಸಿಗರ ಗಾಡಿಗೆ ಗಾಜಿನ ಡಬ್ಬಿ ಜೋಡಿಸುವ ಮೊದಲು ಇದಕ್ಕೊಂದು ದಾರಿ ಆಗಲಿ ಅನ್ನುವುದು ನನ್ನ ಮಾತು.

ಪತ್ರಿಕೆಯವರಾಗಿ ನೀವು ಮಾಡಬಹುದಾದ್ದು ಒಂದಿದೆ. 1955ರಿಂದ 61ರವರೆಗೆ ಕ್ಯಾಸಲ್‌ರಾಕ್, ತಿನೈಘಾಟ್, ಲೋಂಡಾ ಕಡೆ ಇದ್ದವರಲ್ಲಿ ಆ ದಿನಗಳನ್ನು ಹೇಳಬಲ್ಲವರು ಈಗ ಎಂಬತ್ತರ ಆಚೆ ಇರುತ್ತಾರೆ. ಓದುಗರಲ್ಲಿ ಯಾರ ಅಜ್ಜ ಅಜ್ಜಿಯಾದರೂ ಆಗ ಅಲ್ಲಿದ್ದರೆ, ಯಾರ ಮನೆಯ ಟ್ರಂಕಿನಲ್ಲಾದರೂ ಹಳೆಯ ಪಾಸು, ಸುಂಕದ ರಸೀದಿ, ಸ್ಟೇಷನ್ ಮುಂದೆ ತೆಗೆಸಿಕೊಂಡ ಫೋಟೋ ಇದ್ದರೆ ನಿಮಗೆ ಕಳಿಸಲಿ ಅಂತ ಒಂದು ಪ್ರಕಟಣೆ ಹಾಕಿ. ವರದಿಗಾರರನ್ನು ಕಳಿಸುವುದಾದರೆ ಮಳೆ ನಿಂತ ಮೇಲೆ, ನವೆಂಬರ್ ಹೊತ್ತಿಗೆ ಕಳಿಸಿ. ಆಗ ಪ್ರವಾಸಿಗರ ಗದ್ದಲ ಇರುವುದಿಲ್ಲ, ಜನ ಕುಳಿತು ಮಾತಾಡುತ್ತಾರೆ.

ಇಂತಿ,
ನಿಮ್ಮ ಹಳೆಯ ಓದುಗ,
ಧಾರವಾಡ